ಅಣ್ಣನ ಕೈ ಮತ್ತು ಕುದುರೆ ವಾಸನೆಯ ಪುಡಿ

ನನ್ನ ಅಣ್ಣನ ಕೈಯ ನಡುಕ ಅಶ್ವಗಂಧದ ಬೇರಿನಿಂದ ನಿಂತಿತು ಎಂಬುದು ಒಂದು ಕಾಲದಲ್ಲಿ ಕಲ್ಯಾಣಿಯಿಂದ ಹುಮನಾಬಾದಿನವರೆಗೆ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದು ಸುಳ್ಳು ಎಂದು ಗೊತ್ತಿದ್ದವರು ಇಬ್ಬರೇ. ಒಬ್ಬರು ಟಾಂಗಾ ಹೊಡೆಯುತ್ತಿದ್ದ ಚಾಚಾ. ಅವರು ತೀರಿಹೋಗಿ ಬಹಳ ವರ್ಷಗಳಾದವು. ಇನ್ನೊಬ್ಬಳು ನಾನು. ನಮ್ಮ ಮನೆಯ ಆಡನ್ನೂ ಹಿಡಿದರೆ ಮೂವರು.

ನಾನು ಓದಿದ್ದು ಎರಡನೇ ಜಮಾತಿನವರೆಗೆ, ಅದೂ ಉರ್ದುವಿನಲ್ಲಿ. ಕನ್ನಡದ ಅಕ್ಷರ ಕಲಿತದ್ದು ಆಮೇಲೆ, ಗಂಡನ ಮನೆಯಲ್ಲಿ, ನನ್ನ ಮಕ್ಕಳ ಪಾಟಿಯ ಮೇಲೆ. ಆದ್ದರಿಂದ ವಿಜ್ಞಾನದ ಮಾತು ನನ್ನ ಬಾಯಿಗೆ ದೊಡ್ಡದು. ಆದರೆ ಒಂದು ಔಷಧದ ಪುರಾವೆಯನ್ನು ಕೆಡಿಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ನನ್ನಷ್ಟು ವಿವರವಾಗಿ ಹೇಳುವವರು ಸಿಗಲಾರರು.

ಈಗ ಬಸವಕಲ್ಯಾಣ ಎನ್ನುವ ಊರನ್ನು ಆಗ ನಾವು ಕಲ್ಯಾಣಿ ಎನ್ನುತ್ತಿದ್ದೆವು. ನಮ್ಮದು ಕ್ಷೌರದ ಮನೆತನ. ಅಪ್ಪ ಬೇಗ ಹೋದ. ಕತ್ತಿ, ಸಾಣೆಕಲ್ಲು, ಹಿತ್ತಾಳೆಯ ಬಟ್ಟಲು ಇಡುವ ಚರ್ಮದ ಚೀಲಕ್ಕೆ ಹಡಪ ಎನ್ನುತ್ತಾರೆ; ಅದು ಹದಿನಾರನೇ ವಯಸ್ಸಿಗೇ ಅಣ್ಣನ ಹೆಗಲೇರಿತು. ಅವ್ವ ಸೂಲಗಿತ್ತಿ. ಯಾವಾಗ ಯಾರ ಮನೆಯಿಂದ ಕರೆ ಬರುತ್ತದೋ ಹೇಳುವಂತಿರಲಿಲ್ಲ. ಹಾಗಾಗಿ ಮನೆಗೆಲಸವೆಲ್ಲ ನನ್ನದು ಎಂದು ಅವಳು ತಿಳಿದಿದ್ದಳು. ನಾನು ಹಾಗೆ ತಿಳಿದಿರಲಿಲ್ಲ.

ಅಣ್ಣನ ಕೈ ಎಂದರೆ ಊರಿಗೆಲ್ಲ ನಂಬಿಕೆ. ಕೂಸಿನ ಮೊದಲ ಕೂದಲು ತೆಗೆಯುವ ಜವಳಕ್ಕೆ ಅವನನ್ನೇ ಕರೆಯುತ್ತಿದ್ದರು. ಕೂಸು ತಾಯಿಯ ತೊಡೆಯ ಮೇಲೆ ನಿದ್ದೆ ಮಾಡುತ್ತಿರುವಾಗಲೇ ತಲೆ ಬೋಳಾಗಿರುತ್ತಿತ್ತು. ಎದ್ದ ಮೇಲೆ ಕೂಸು ತಲೆ ಮುಟ್ಟಿಕೊಂಡು ಅಳುತ್ತಿತ್ತು, ಅಷ್ಟೇ.

ನನಗೆ ಹದಿನೈದು ತುಂಬಿದ ವರ್ಷ ಆ ಕೈ ಕೆಟ್ಟಿತು. ದೂರದೇಶದಲ್ಲಿ ದೊಡ್ಡ ಯುದ್ಧ ನಡೆದಿದೆ ಎಂದು ಸಂತೆಯಲ್ಲಿ ಮಾತಾಡಿಕೊಳ್ಳುತ್ತಿದ್ದ ಕಾಲ ಅದು. ಜಮೀನು ನೋಡಲು ಹೊರಗಿನಿಂದ ಬಂದಿದ್ದ ಒಬ್ಬ ಗಿರ್ದಾವರ ಸಾಹೇಬರು ಚಾವಡಿಯ ಕಟ್ಟೆಯ ಮೇಲೆ ಕೂತು ಅಣ್ಣನ ಕೈಲಿ ಗಡ್ಡ ಮಾಡಿಸಿಕೊಳ್ಳುತ್ತಿದ್ದರು. ಕತ್ತಿ ಗದ್ದದ ಕೆಳಗೆ ಇದ್ದಾಗ ಅವರು ಸೀನಿದರು. ಎಳ್ಳಿನಷ್ಟು ರಕ್ತ ಬಂತು. ಅವರು ಎದ್ದು ನಿಂತು, ಕಾಲಿನ ಜೋಡು ತೆಗೆದು, ಅರ್ಧ ಸಂತೆ ನೋಡುತ್ತಿರುವಾಗ ಅಣ್ಣನ ಕೆನ್ನೆಗೆ ಹೊಡೆದರು. ಉಳಿದರ್ಧ ಗಡ್ಡವನ್ನೂ ಅವನೇ ಮಾಡಿ ಮುಗಿಸಿ, ಬಟ್ಟಲು ತೊಳೆದುಕೊಂಡು ಮನೆಗೆ ಬಂದ. ಮೂರನೇ ದಿನದಿಂದ ಕೈ ನಡುಗತೊಡಗಿತು. ಮೊದಲು ಕತ್ತಿ ಹಿಡಿದಾಗ ಮಾತ್ರ. ಆಮೇಲೆ ನೀರಿನ ತಂಬಿಗೆ ಹಿಡಿದರೂ.

ನಡುಗುವ ಕತ್ತಿಗೆ ಯಾರು ಗಂಟಲು ಕೊಡುತ್ತಾರೆ? ಒಂದೊಂದೇ ಮನೆ ಬಿಟ್ಟಿತು. ಯಾರೂ ಬಾಯಿಬಿಟ್ಟು ಬೇಡ ಎನ್ನಲಿಲ್ಲ. “ನಾಳೆ ಬಾರಪ್ಪ, ಇವತ್ತು ಜರಾ ನೆಗಡಿ ಆಗ್ಯಾದ” ಎನ್ನುತ್ತಿದ್ದರು. ಆ ಬೇಸಿಗೆಯಲ್ಲಿ ಕಲ್ಯಾಣಿಯ ಗಂಡಸರಿಗೆಲ್ಲ ನೆಗಡಿ. ಕೊನೆಗೆ ಅಣ್ಣ ಒಂದು ದಿನ ಹಡಪವನ್ನು ಗೂಟಕ್ಕೆ ನೇತುಹಾಕಿ ಅವ್ವನಿಗೆ ಹೇಳಿದ: “ಸೊಲ್ಲಾಪುರದ ಗಿರಣಿಗೆ ಹೋಗ್ತೀನವ್ವಾ. ಅಲ್ಲಿ ಮೂಟಿ ಹೊರಲಾಕ ಕೈ ನಡಗಿದರೂ ನಡೀತದ.”

ಅವ್ವ ಅತ್ತಳು. ಹೋಗುವ ಮೊದಲು ಒಂದು ಸಲ ಹುಮನಾಬಾದಿನ ವೈದ್ಯರಿಗೆ ತೋರಿಸಿ ಬಾ ಎಂದಳು. ಅಣ್ಣನ ಜೊತೆ ನನ್ನನ್ನು ಕಳಿಸಿದಳು. ದಾರಿಯಲ್ಲಿ ಅವನು ತಂಬಿಗೆ ಎತ್ತಿದರೆ ನೀರು ಮೈಮೇಲೆ ಚೆಲ್ಲುತ್ತಿತ್ತು, ಅದಕ್ಕೆ. ಎತ್ತಿನ ಗಾಡಿಯಲ್ಲಿ ಬೆಳಗ್ಗೆ ಹೊರಟವರು ಸಂಜೆಗೆ ಮುಟ್ಟಿದೆವು.

ವೈದ್ಯರು ಅರವತ್ತು ದಾಟಿದವರು, ತೆಳ್ಳಗೆ, ಬೆಳ್ಳಗೆ, ಮುಖವನ್ನು ನುಣ್ಣಗೆ ಬೋಳಿಸಿಕೊಂಡವರು. ಆ ಕಡೆಯ ಜನ ಅವರನ್ನು ಅಜ್ಜಾರು ಎಂದು ಕರೆಯುತ್ತಿದ್ದರು. ಚಾವಡಿಯಲ್ಲಿ ನಡೆದದ್ದನ್ನೆಲ್ಲ ಕೇಳಿಕೊಂಡು, ಅವರು ನಾಡಿ ಹಿಡಿದು, ಅಣ್ಣನ ಮುಖ ನೋಡಿ ಕೇಳಿದರು:

“ಎಷ್ಟು ದಿನ ಆತು?”

“ಮೂರು ತಿಂಗಳಾತರಿ ಅಜ್ಜಾರ.”

“ನಿದ್ದಿ ಬರ್ತದೇನು?”

“ಬರ್ತದರಿ. ಆದ್ರ ಕನಸಿನ್ಯಾಗ ಆ ಸಾಹೇಬ್ರು ಸೀನ್ತಾರರಿ.”

ನನಗೆ ನಗು ತಡೆಯಲಾಗಲಿಲ್ಲ. ವೈದ್ಯರು ನಗಲಿಲ್ಲ. ಒಳಗಿನಿಂದ ಒಂದು ತಟ್ಟೆ ತಂದು ಅದರ ತುಂಬ ಸೋಸಿದ ಬೂದಿ ಹರಡಿದರು. ಅಣ್ಣನ ಕೈಯನ್ನು ಅದರ ಮೇಲೆ ಚಾಚಿಸಿ, ಅಂಗೈ ಹಿಂಭಾಗದ ಮೇಲೆ ತುಂಬಿದ ಬಟ್ಟಲನ್ನಿಟ್ಟರು. ನೀರು ತುಳುಕಿ ಹನಿಹನಿಯಾಗಿ ಬೂದಿಗೆ ಬಿತ್ತು. ಒಂದೊಂದು ಹನಿಗೂ ಬೂದಿಯಲ್ಲಿ ಒಂದೊಂದು ಕುಳಿ. ನೂರು ಎಣಿಸುವಷ್ಟು ಹೊತ್ತಿನಲ್ಲಿ ಬೂದಿ ಸಿಡುಬು ಬಿದ್ದ ಮುಖದಂತಾಯಿತು.

“ಇದು ಕೈಯಿನ ರೋಗ ಅಲ್ಲ ತಮ್ಮಾ. ನರದಾಗ ಅಂಜಿಕಿ ಕೂತದ. ಆ ಏಟು ನಿನ್ನ ಕೈಗೆ ಇನ್ನೂ ಬೀಳಾಕತ್ತದ” ಎಂದರು.

ಆಮೇಲೆ ಒಂದು ಕಟ್ಟು ಬೇರು ತಂದರು. ಹೊಲದ ಬದುವಿನಲ್ಲಿ ಬೆಳೆಯುವ ಹಿರೇಮದ್ದಿನ ಬೇರು. ಅಶ್ವಗಂಧ ಎನ್ನುವುದು ಅದಕ್ಕೇ. ಮೂಗಿನ ಹತ್ತಿರ ಹಿಡಿದರು. ಟಾಂಗಾ ನಿಲ್ಲುವ ಕಟ್ಟೆಯ ವಾಸನೆ.

“ಅಸಲಿ ಬೇರಿಗೆ ಕುದುರಿ ವಾಸನಿ ಇರ್ತದ. ವಾಸನಿ ಇಲ್ಲಂದ್ರ ಅಂಗಡ್ಯಾವ ಮೋಸ ಮಾಡ್ಯಾನ ಅಂತ ತಿಳಕೋ. ಇದನ್ನ ಹಾಲಿನಾಗ ಕುದಿಸಿ ನೆಳ್ಳಾಗ ಒಣಗಿಸಬೇಕು. ಹಿಂಗ ಏಳು ಸಲ. ಆಮ್ಯಾಲ ಕುಟ್ಟಿ, ಅರಿವ್ಯಾಗ ಸೋಸಿ, ಮುಂಜಾನಿ ಸಂಜಿ ಹಾಲಿನಾಗ ಕುಡೀಬೇಕು. ಯಾರು ಮಾಡವರು ಇದನ್ನೆಲ್ಲ?”

“ನನ್ನ ತಂಗಿ ಮಾಡ್ತಾಳರಿ. ಭಾಳ ಶಾಣ್ಯಾಕಿ ಅದಾಳ” ಎಂದ ಅಣ್ಣ.

ಅಂಥ ತಂಗಿ ಯಾರಿರಬಹುದು ಎಂದು ನಾನೂ ಒಂದು ಗಳಿಗೆ ಹಿಂದೆ ತಿರುಗಿ ನೋಡಿದೆ.

ವೈದ್ಯರಿಗೆ ಅಣ್ಣನ ಕೈಯ ಜೊತೆಗೆ ತಮ್ಮದೊಂದು ಚಿಂತೆಯೂ ಇತ್ತು. ಊರಿಗೆ ಹೊಸದಾಗಿ ಬಂದಿದ್ದ ಡಾಕ್ಟರರು ನಾಲ್ಕು ಜನರೆದುರು, “ನಿಮ್ಮ ಬೇರಿಗೆ ಪುರಾವೆ ಏನದ?” ಎಂದು ಕೇಳಿದ್ದರಂತೆ. ಆ ಮಾತು ಅವರಿಗೆ ಚುಚ್ಚಿತ್ತು. ಅಣ್ಣನ ಹೆಗಲ ಮೇಲೆ ಕೈಯಿಟ್ಟು ಅವರು ಹೇಳಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ:

“ಇವತ್ತಿನಿಂದ ನನ್ನ ಗಡ್ಡಕ್ಕ ಯಾರ ಕತ್ತೀನೂ ತಾಕಂಗಿಲ್ಲ. ಪುಡಿ ಶುರು ಮಾಡಿದ ದಿನ ನನಗ ಹೇಳಿ ಕಳಸು. ಅಲ್ಲಿಂದ ಒಂದು ಮಂಡಲ, ನಲವತ್ತೆಂಟು ದಿನ ಆದ ಮ್ಯಾಲ ನಾನ ಕಲ್ಯಾಣಿಗೆ ಬರ್ತೀನಿ. ನನ್ನ ಗಡ್ಡ ನೀನ ತೆಗೀಬೇಕು. ಅಲ್ಲೀತನಕ ನಿನ್ನ ತಂಗಿ ದಿನಾ ಈ ಬೂದಿ ತಟ್ಟಿ ಇಟ್ಟು ಕುಳಿ ಎಣಿಸಿ ಗೋಡಿ ಮ್ಯಾಲ ಗೆರಿ ಹೊಡೀಲಿ. ಅದ ಪುರಾವಾ.”

ಮನೆಗೆ ಬಂದು ಆರು ಸಲ ನಾನು ಪ್ರಾಮಾಣಿಕವಾಗಿ ಕೆಲಸ ಮಾಡಿದೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನನ್ನ ಪರವಾಗಿ ಹೇಳಲು ಬೇರೆ ಏನೂ ಇಲ್ಲ. ಕುದಿಸಿದೆ, ಹಿತ್ತಲಿನ ಚಪ್ಪರದ ನೆರಳಿನಲ್ಲಿ ಹರಡಿದೆ, ಕೋಲು ಹಿಡಿದು ಕಾದೆ. ನಮ್ಮ ಆಡು ಕೆಟ್ಟ ಸ್ವಭಾವದ್ದು. ಬಂದವರನ್ನೆಲ್ಲ ಹಾಯುತ್ತಿತ್ತು. ಏಳನೇ ಸಲ ಬೇರು ಒಣಗುತ್ತಿದ್ದಾಗ ಪಕ್ಕದ ಮನೆಗೆ ಬಳೆಗಾರ ಬಂದ. ಅವ್ವ ಹೆರಿಗೆಗೆ ಹೋಗಿದ್ದಳು, ಅಣ್ಣ ಕೆರೆಯ ಕಡೆ. ಒಂದೇ ಒಂದು ಗಳಿಗೆ ನೋಡಿ ಬರೋಣವೆಂದು ಹೋದೆ. ಹಸಿರು ಬಳೆ ಕೈಗೆ ಏರಿಸಿಕೊಳ್ಳುವುದು ಅವಸರದ ಕೆಲಸವಲ್ಲ. ಬರುವಷ್ಟರಲ್ಲಿ ಚಾಪೆ ಖಾಲಿ. ಆಡು ಅದರ ಮೇಲೆಯೇ ಮಲಗಿ, ಬಾಯಿ ಆಡಿಸುತ್ತ, ಜಗತ್ತಿನ ಮೇಲೆ ಯಾವ ದೂರೂ ಇಲ್ಲದವರಂತೆ ನನ್ನನ್ನು ನೋಡುತ್ತಿತ್ತು.

ಎರಡು ದಿನ ಅದು ಯಾರನ್ನೂ ಹಾಯಲಿಲ್ಲ. ಅಶ್ವಗಂಧದ ಬೇರು ನರವನ್ನು ತಣಿಸುತ್ತದೆ ಎಂಬುದಕ್ಕೆ ನಮ್ಮ ಮನೆಯಲ್ಲಿ ಸಿಕ್ಕ ನಿಜವಾದ ಪುರಾವೆ ಅದೊಂದೇ. ಅದೂ ಹೊಟ್ಟೆ ತುಂಬಿದ್ದಕ್ಕೋ ಬೇರಿಗೋ ಹೇಳಲಾರೆ.

ಹೇಳಬಹುದಿತ್ತು. “ಅಣ್ಣಾ, ಆಡು ತಿಂತು” ಎಂದರೆ ಮುಗಿಯಿತು. ಒಂದು ಬೈಗುಳ, ಅವ್ವನ ಕೈಯಿಂದ ಎರಡು ಏಟು. ಆದರೆ ಈ ವರ್ಷದ ಬೇರು ಇಷ್ಟೇ, ಮುಂದಿನ ಚಳಿಗಾಲದವರೆಗೆ ಇಲ್ಲ ಎಂದು ವೈದ್ಯರು ಹೇಳಿ ಕಳಿಸಿದ್ದರು. ಅಣ್ಣ ಸಂಜೆ ಬಂದವನೇ, “ಒಣಗ್ಯಾವೇನು? ನಾಳೆ ಶುರು ಮಾಡೂಣೇನು?” ಎಂದ. ಅವನ ಮುಖದಲ್ಲಿ ಮೂರು ತಿಂಗಳ ಮೇಲೆ ಮೊದಲ ಸಲ ಬೆಳಕು. ನನ್ನ ಕೈಯಲ್ಲಿ ಹೊಸ ಬಳೆ. “ಹೂಂ” ಎಂದೆ. ಆ “ಹೂಂ” ಮುಂದೆ ನನ್ನ ಜೀವಮಾನವೆಲ್ಲ ನಡೆಯಿತು.

ಜೋಳದ ಹಿಟ್ಟನ್ನು ಕೆಂಪಗೆ ಹುರಿದೆ. ಕಹಿಗೆ ಸ್ವಲ್ಪ ಮೆಂತ್ಯ, ಖಾರಕ್ಕೆ ಒಣಶುಂಠಿ. ಬಣ್ಣ ಸರಿಹೋಯಿತು. ವಾಸನೆ ರೊಟ್ಟಿಯದು. ವೈದ್ಯರು ಹೇಳಿದ ಅಷ್ಟೂ ಮಾತಿನಲ್ಲಿ ಅಣ್ಣ ಗಟ್ಟಿಯಾಗಿ ನೆನಪಿಟ್ಟುಕೊಂಡದ್ದು ಕುದುರೆ ವಾಸನೆ ಒಂದನ್ನೇ. ಆದ್ದರಿಂದ ನಾನು ಟಾಂಗಾ ಚಾಚಾರ ಮನೆಗೆ ಹೋದೆ. ಅವರು ನಮ್ಮ ಓಣಿಯ ಕೊನೆಯಲ್ಲಿದ್ದರು. ಅವರ ಕುದುರೆಯ ಬೆನ್ನಿಗೆ ಹಾಕುವ ಕಂಬಳಿಯ ಹಳೆಯ ತುಂಡು ಗೋಡೆಯ ಮೇಲಿತ್ತು.

“ಚಾಚಾ, ಇದನ್ನ ನನಗ ಕೊಡ್ರಿ.”

“ಯಾಕ ಬೇಟಿ? ಹೊದ್ದಕೊಳ್ಳಾಕೇನು?”

“ಔಷಧಕ್ಕರಿ.”

ಚಾಚಾ ಬೀಡಿ ಕೆಳಗಿಟ್ಟರು. ಅವರ ಎದುರು ಸುಳ್ಳು ಹೇಳುವುದು ಯಾಕೋ ಆಗಲಿಲ್ಲ. ಬಳೆ, ಆಡು, ಹಿಟ್ಟು, ಎಲ್ಲ ಹೇಳಿದೆ. ಅವರು ಕೆಮ್ಮು ಬರುವಷ್ಟು ನಕ್ಕರು.

“ಯಾ ಅಲ್ಲಾ! ಇಪ್ಪತ್ತು ವರ್ಷ ಈ ಕುದುರಿ ಜೋಡಿ ಅದೀನಿ. ನನ್ನ ಒಂದು ಹಲ್ಲುನೋವು ಸುದ್ದಾ ವಾಸಿ ಮಾಡಿಲ್ಲ ಇದು. ಒಯ್ಯಿ, ಒಯ್ಯಿ. ಆದ್ರ ನಿಮ್ಮಣ್ಣಗ ಖರೇ ಹೇಳು ಬೇಟಿ. ಇವತ್ತ ಹೇಳು. ನಾಳಿ ಅನ್ನೋದ್ರಾಗ ಇದು ದೊಡ್ಡದಾಗ್ತದ.”

ನಾಳೆ ಹೇಳುತ್ತೇನೆ ಎಂದೆ. ಹಿಟ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಅದರ ಮೇಲೆ ಕಂಬಳಿ ಸುತ್ತಿ ಬೆಳಗಿನವರೆಗೆ ಇಟ್ಟೆ. ಮುಂಜಾನೆ ಅಣ್ಣ ಪುಡಿಯನ್ನು ಮೂಸಿ ನೋಡಿ, ಕಣ್ಣು ಮುಚ್ಚಿ, “ಅಸಲಿ” ಎಂದ. ಹಾಲಿನಲ್ಲಿ ಕಲಸಿ ಗಟಗಟನೆ ಕುಡಿದ. ಹುಮನಾಬಾದಿಗೆ ಹೇಳಿ ಕಳಿಸಿದೆವು.

ಇನ್ನು ಗೋಡೆಯ ಮೇಲಿನ ಗೆರೆಗಳ ಮಾತು. ಅವುಗಳಲ್ಲಿ ಮಾತ್ರ ನಾನು ಮೋಸ ಮಾಡಲಿಲ್ಲ. ದಿನಾ ಮುಂಜಾನೆ ಬೂದಿ ಸೋಸಿ, ತಟ್ಟೆ ಇಟ್ಟು, ನೂರು ಎಣಿಸಿ, ಕುಳಿಗಳನ್ನು ಇದ್ದಲಿಯಿಂದ ಗೋಡೆಗೆ ಬರೆದೆ. ಔಷಧ ಸುಳ್ಳಾದ್ದರಿಂದ ಗೆರೆ ಕಡಿಮೆಯಾಗುವುದಿಲ್ಲ, ಒಂದು ವಾರ ನೋಡಿ ಅಣ್ಣನೇ ಬೇಸತ್ತು ಬಿಡುತ್ತಾನೆ, ನಾನು ಏನೂ ಹೇಳದೆಯೇ ಬಚಾವಾಗುತ್ತೇನೆ ಎಂದು ನನ್ನ ಲೆಕ್ಕ. ಎರಡನೇ ವಾರಕ್ಕೆ ಗೆರೆ ಕಡಿಮೆಯಾದವು. ಮೂರನೇ ವಾರಕ್ಕೆ ಇನ್ನೂ ಕಡಿಮೆ. ಒಂದು ದಿನ ಕುಳಿಗಳು ನನ್ನ ಎರಡು ಕೈಯ ಬೆರಳಿಗಿಂತ ಕಡಿಮೆ ಇದ್ದವು. ಅವ್ವ ದೇವರಿಗೆ ಕಾಯಿ ಒಡೆದಳು. ಮನೆಯಲ್ಲಿ ಹೆದರಿದವಳು ನಾನೊಬ್ಬಳೇ.

“ಸಾಹೇಬ್ರು ಸೀನೂದು ಬಿಟ್ಟಾರ” ಎಂದ ಅಣ್ಣ ಒಂದು ಮುಂಜಾನೆ. “ನಿನ್ನೆ ಕನಸಿನ್ಯಾಗ ಬಂದಿದ್ರು. ಸುಮ್ನ ಕೂತು ಹೋದ್ರು.”

ಈ ನಡುವೆ ಹುಮನಾಬಾದಿನಿಂದ ಬಂದ ಗಾಡಿಯವರು ವೈದ್ಯರ ಗಡ್ಡದ ಸುದ್ದಿ ತರುತ್ತಿದ್ದರು. ಎರಡು ಬೆರಳುದ್ದ ಆಗಿದೆಯಂತೆ, ಸಂತೆಯಲ್ಲಿ ಹುಡುಗರು ಹಿಂದೆ ಬೀಳುತ್ತಿದ್ದಾರಂತೆ, ಡಾಕ್ಟರರು ದಿನಾ ನಮಸ್ಕಾರ ಮಾಡಿ “ಪುರಾವೆ ಎಷ್ಟುದ್ದ ಬಂತ್ರಿ?” ಎನ್ನುತ್ತಾರಂತೆ. ಒಂದೊಂದು ಸುದ್ದಿಗೂ ನಾನು ಗೋಡೆಯ ಗೆರೆಗಳನ್ನು ಮತ್ತೊಮ್ಮೆ ಎಣಿಸುತ್ತಿದ್ದೆ.

ನಲವತ್ತೊಂಬತ್ತನೇ ದಿನ ವೈದ್ಯರು ಬಂದರು. ಜೊತೆಗೆ ದವಾಖಾನೆಯ ಕಂಪೌಂಡರ್. ಡಾಕ್ಟರರೇ ಸಾಕ್ಷಿಗೆಂದು ಕಳಿಸಿದ್ದರು. ಆತ ಹತ್ತಿಯ ಉಂಡೆ, ಟಿಂಚರಿನ ಸೀಸೆ ತೊಡೆಯ ಮೇಲಿಟ್ಟುಕೊಂಡು, ಬಿರಡೆ ತೆಗೆದೇ ಕೂತ. ನಮ್ಮ ಮನೆಯೆದುರಿನ ಬೇವಿನ ಕೆಳಗೆ ಜನ ಸೇರಿದರು. ನೆಗಡಿಯಾಗಿದ್ದ ಗಂಡಸರೆಲ್ಲ ಬಂದಿದ್ದರು. ಮೊದಲು ಇನ್ನೊಬ್ಬರ ಮೇಲೆ ಕೈ ನೋಡಿಕೊಳ್ಳುತ್ತೇನೆಂದು ಅಣ್ಣ ಟಾಂಗಾ ಚಾಚಾರನ್ನು ಕರೆದ. ಅವರು, “ಕುದುರಿಗೆ ನೀರು ಕುಡಸಬೇಕು” ಎಂದು ಹೊರಟೇಬಿಟ್ಟರು. ಹೋಗುವಾಗ ನನ್ನ ಕಡೆ ಒಂದು ನೋಟ ನೋಡಿದರು. ಹಲ್ಲುನೋವಿನ ಮುಖ.

ವೈದ್ಯರು ಕೂರುವ ಮೊದಲು ಪುಡಿ ತೋರಿಸು ಎಂದರು. ಗಂಟು ತಂದುಕೊಟ್ಟೆ. ಮೂಗಿಗೆ ಹಿಡಿದವರು ಹುಬ್ಬು ಏರಿಸಿದರು.

“ಏಳು ಸಲ ಹಾಲಿನಾಗ ಕುದ್ದ ಮ್ಯಾಲ ವಾಸನಿ ಹೋಗಬೇಕಲ್ಲ ಮಗಳ? ಇದು ಇನ್ನಾ ಹೊಡೀಲಾಕತ್ತದ.”

ಬೆರಳದ್ದಿ ರುಚಿ ನೋಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು ಇದು: “ನಿಮ್ಮ ಬೇರು ಭಾಳ ಜೋರ ಇತ್ತರಿ ಅಜ್ಜಾರ.”

ವೈದ್ಯರು ಕಂಪೌಂಡರನ ಕಡೆ ತಿರುಗಿ, “ಕೇಳಿದೆಲ್ಲೋ? ಡಾಕ್ಟರಿಗೆ ಹೇಳು” ಎಂದರು. ಅಷ್ಟು ದೊಡ್ಡ ವೈದ್ಯರು ಅಷ್ಟು ಸಣ್ಣ ಹೊಗಳಿಕೆಗೆ ಬಿದ್ದರು. ಕೂತರು, ಗಂಟಲು ಮೇಲಕ್ಕೆತ್ತಿದರು.

ಅಣ್ಣ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಆಡಿಸಿದ. ಗಡ್ಡಕ್ಕೆ ನೀರು ತಿಕ್ಕಿದ. ಆಗ ನನಗೆ ಪೂರ್ತಿ ಅರಿವಾಯಿತು. ಈ ಮುದುಕರು ತಮ್ಮ ಬೇರನ್ನು ನಂಬಿ ಗಂಟಲು ಒಡ್ಡಿದ್ದಾರೆ. ಆ ಬೇರು ಆಡಿನ ಹೊಟ್ಟೆಗೆ ಹೋಗಿದೆ. ಅವರ ಗಂಟಲಿಗೂ ಕತ್ತಿಗೂ ನಡುವೆ ಇರುವುದು ಹುರಿದ ಜೋಳದ ಹಿಟ್ಟು ಮಾತ್ರ. ಈಗ ಹೇಳಿದರೆ ಅಣ್ಣನ ಕೈ ಇಡೀ ಊರಿನೆದುರು ಮತ್ತೆ ನಡುಗುತ್ತದೆ, ನಾಳೆ ಅವನು ಸೊಲ್ಲಾಪುರಕ್ಕೆ ಹೋಗುತ್ತಾನೆ. ಹೇಳದಿದ್ದರೆ ಒಂದು ಕೊಲೆಯನ್ನು ನಿಂತು ನೋಡಿದವಳಾಗುತ್ತೇನೆ.

“ಅಜ್ಜಾರ!” ಎಂದು ಕೂಗಿಯೇಬಿಟ್ಟೆ.

ಕತ್ತಿ ಗಂಟಲ ಮೇಲೆ ನಿಂತಿತು. ಎಲ್ಲರೂ ನನ್ನ ಕಡೆ ನೋಡಿದರು. ಕಂಪೌಂಡರ್ ಅರ್ಧ ಎದ್ದ.

“ಏನವಾ?” ಎಂದರು ವೈದ್ಯರು, ಗದ್ದ ಆಡಿಸದೆ.

“ನೀರು ಬೇಕೇನ್ರಿ?”

“ಬ್ಯಾಡ” ಎಂದರು.

ಅಣ್ಣ ನನ್ನತ್ತ ನೋಡಿ ನಕ್ಕ. ಕತ್ತಿ ಅಷ್ಟು ಹೊತ್ತೂ ಅಲ್ಲಿಯೇ ಇತ್ತು, ಗೋಡೆಗೆ ಹೊಡೆದ ಮೊಳೆಯಂತೆ. ಆಮೇಲೆ ಅದು ಕೆಳಗಿಳಿಯಿತು, ತಿರುಗಿತು, ಮೇಲೇರಿತು. ಬಿಳಿಯ ಕೂದಲು ತೊಡೆಯ ಮೇಲಿನ ಬಟ್ಟೆಗೆ ಉದುರಿತು. ಒಂದು ಹನಿ ರಕ್ತ ಇಲ್ಲ. ಕಂಪೌಂಡರ್ ಸೀಸೆಗೆ ಬಿರಡೆ ಹಾಕಿದ. ವೈದ್ಯರು ಕೆನ್ನೆ ಸವರಿಕೊಂಡು ಅತ್ತುಬಿಟ್ಟರು. ನಾನೂ ಅತ್ತೆ. ತಂಗಿಗೆ ಅಣ್ಣನೆಂದರೆ ಎಷ್ಟು ಪ್ರೀತಿ ಎಂದು ಹೆಂಗಸರು ಹೊಗಳಿದರು.

ಮರುದಿನದಿಂದ ಊರಿನ ನೆಗಡಿ ವಾಸಿಯಾಯಿತು. ಅಣ್ಣನ ಹಡಪ ಗೂಟದಿಂದ ಇಳಿಯಿತು. ಅವನು ಯಾರ ಗಡ್ಡ ಹಿಡಿದರೂ ಬೇರಿನ ಮಹಿಮೆಯನ್ನೇ ಹೇಳುತ್ತಿದ್ದ. ಕತ್ತಿ ಗಂಟಲ ಮೇಲಿದ್ದಾಗ ಎದುರು ಮಾತಾಡುವವರು ಯಾರು? ಜನ ನನ್ನ ಹತ್ತಿರ ಬಂದು ಮಾಡುವ ಕ್ರಮ ಕೇಳುತ್ತಿದ್ದರು. ಏಳು ಸಲ ಹಾಲು, ಏಳು ಸಲ ನೆರಳು ಎಂದು ಗಂಭೀರವಾಗಿ ಹೇಳಿಕೊಡುತ್ತಿದ್ದೆ. “ಆಡು ಇದ್ರ ಕಟ್ಟಿಹಾಕ್ರಿ” ಎಂದು ಕೊನೆಗೆ ಸೇರಿಸುತ್ತಿದ್ದೆ. ಇಷ್ಟು ಸೂಕ್ಷ್ಮ ಈ ಹುಡುಗಿಗೆ ಹೇಗೆ ಗೊತ್ತು ಎಂದು ಅವರಿಗೆ ಆಶ್ಚರ್ಯ.

ಇಲ್ಲಿಯವರೆಗೆ ನಗುತ್ತ ಬರೆದೆ. ಮುಂದಿನದನ್ನು ಹಾಗೆ ಬರೆಯಲು ಬರುವುದಿಲ್ಲ.

ಮುಂದಿನ ಚಳಿಗಾಲದಲ್ಲಿ ಕೊಹಿನೂರು ಎಂಬ ಹಳ್ಳಿಯಿಂದ ಒಬ್ಬ ಒಕ್ಕಲಗಿತ್ತಿ ಬಂದಳು. ಅವಳ ಎಳೆಗೂಸು ತೀರಿಹೋಗಿತ್ತು, ಅಂದಿನಿಂದ ನಿದ್ದೆ ಇಲ್ಲ, ಎದೆ ಹಾರುತ್ತದೆ ಎಂದಳು. ನಾನು ಕ್ರಮ ಹೇಳಿಕೊಟ್ಟೆ. ಎರಡು ತಿಂಗಳ ಮೇಲೆ ಮತ್ತೆ ಬಂದಳು, ಕೈಯಲ್ಲಿ ಅವಳ ಪುಡಿಯ ಗಂಟು. ಬಿಳಿಯ ಹಿಟ್ಟಿನಂಥ ನಯವಾದ ಪುಡಿ, ನಾನು ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಕುಟ್ಟಿರಲಿಲ್ಲ.

“ನನ್ನ ಪುಡಿಗೆ ಕುದುರಿ ವಾಸನಿ ಇಲ್ಲವ್ವಾ. ನಿನ್ನದರಾಗ ಏಳು ಸಲ ಆದ ಮ್ಯಾಲೂ ಇತ್ತಂತ, ನಿಮ್ಮಣ್ಣ ಹೇಳಿದ. ನಂದೇ ಏನೋ ತಪ್ಪಾಗ್ಯಾದ. ನನ್ನ ಕೈ ಛಲೋ ಇಲ್ಲ. ಕೂಸಿಗೂ ಹಿಂಗ ಆತು” ಎಂದಳು.

ಅವಳದು ಸರಿಯಾದ ಪುಡಿ. ನನ್ನದು ಸುಳ್ಳು. ವೈದ್ಯರೇ ಹೇಳಿದ್ದರು, ವಾಸನೆ ಹೋಗಬೇಕೆಂದು. ಅದನ್ನು ಹೇಳಲು ನಾಲ್ಕು ಮಾತು ಸಾಕಿತ್ತು. ಅಣ್ಣ ಅಂಗಳದಲ್ಲೇ ಕತ್ತಿ ಮಸೆಯುತ್ತಿದ್ದ. ನಾನು ಅವಳಿಗೆ, “ನೀರು ಕುಡೀತಿರೇನ್ರಿ?” ಎಂದೆ. ಕುಡಿದಳು. ಪುಡಿಯ ಗಂಟನ್ನು ನಮ್ಮ ಕಟ್ಟೆಯ ಮೇಲೆಯೇ ಬಿಟ್ಟು ಹೋದಳು.

ಆಮೇಲೆ ನನ್ನನ್ನು ಹುಮನಾಬಾದಿಗೆ ಕೊಟ್ಟರು. ವೈದ್ಯರ ಮನೆ ಎರಡು ಓಣಿ ಆಚೆ. ಅವರು ಎದುರು ಸಿಕ್ಕಾಗಲೆಲ್ಲ ನುಣುಪು ಕೆನ್ನೆ ತೋರಿಸಿ, “ನಮ್ಮ ಪುರಾವಾ!” ಎಂದು ನಗುತ್ತಿದ್ದರು. ನಾನು ಸೆರಗು ಮುಂದೆ ಎಳೆದುಕೊಳ್ಳುತ್ತಿದ್ದೆ. ಮರ್ಯಾದೆಯ ಸೊಸೆ ಎಂದು ಅತ್ತೆಗೆ ಸಂತೋಷ.

ನಿಜಾಮರ ಆಳ್ವಿಕೆಯ ಕೊನೆಯ ಹೊತ್ತಿಗೆ ಅವ್ವ ತೀರಿಕೊಂಡಳು. ವೈದ್ಯರು ಅದಕ್ಕೂ ಮುಂಚೆ ಹೋಗಿದ್ದರು. ಅವ್ವನ ಮಣ್ಣಾದ ವಾರಕ್ಕೆ ಅಣ್ಣನ ಕೈ ಮತ್ತೆ ನಡುಗತೊಡಗಿತು. “ಆ ಪುಡಿ ಮಾಡಿಕೊಂಡು ಬಾ” ಎಂದು ಹೇಳಿ ಕಳಿಸಿದ. ನನಗೆ ಒಂದು ಥರದ ಸಂತೋಷವೇ ಆಯಿತು. ಈ ಸಲ ಸರಿಯಾಗಿ ಮಾಡಿ ಹಳೆಯದನ್ನು ತೊಳೆದುಕೊಳ್ಳುತ್ತೇನೆ ಎಂದುಕೊಂಡೆ. ಅಸಲಿ ಬೇರು ತಂದೆ. ಏಳು ಸಲ ಕುದಿಸಿದೆ. ಬಾಗಿಲು ಹಾಕಿ, ಬಳೆಗಾರನ ಕೂಗಿಗೆ ಕಿವಿ ಮುಚ್ಚಿ ಒಣಗಿಸಿದೆ. ಸೋಸಿ ಕಲ್ಯಾಣಿಗೆ ಒಯ್ದೆ. ಪುಡಿಯಲ್ಲಿ ಹಾಲಿನ ಸುವಾಸನೆ ಮಾತ್ರ ಇತ್ತು.

ಅಣ್ಣ ಮೂಸಿ ನೋಡಿ ಪಕ್ಕಕ್ಕಿಟ್ಟ.

“ಇದು ಆ ಪುಡಿ ಅಲ್ಲ.”

“ಅದ ಅಣ್ಣಾ. ನಾನ ಕೈಯಾರೆ ಮಾಡೀನಿ.”

“ಕುದುರಿ ವಾಸನಿ ಎಲ್ಲಿ ಅದ? ಅಂಗಡ್ಯಾವ ನಿನಗ ಮೋಸ ಮಾಡ್ಯಾನ ತಂಗಿ. ನೀ ಭೋಳೆ.”

ಅವನ ಕೈ ಚಾಪೆಯ ಮೇಲೆ ಮೀನಿನಂತೆ ಮಿಡುಕುತ್ತಿತ್ತು. “ಅಣ್ಣಾ,” ಎಂದೆ. “ಏನು?” ಎಂದ. ಅವ್ವ ಇಲ್ಲದ ಮನೆ. ಅವನು ನಂಬಿ ಹಿಡಿದುಕೊಂಡದ್ದು ಆ ವಾಸನೆ ಒಂದನ್ನೇ. “ನೀರು ಬೇಕಾ?” ಎಂದೆ.

ಚಾಚಾ ಬಹಳ ಮುದುಕರಾಗಿದ್ದರು. ಟಾಂಗಾ ಮಗ ಹೊಡೆಯುತ್ತಿದ್ದ. ನನ್ನನ್ನು ಬಾಗಿಲಲ್ಲಿ ಕಂಡವರೇ ಅವರು ಏನೂ ಕೇಳದೆ ಕಂಬಳಿಯ ಕಡೆ ಕೈ ತೋರಿಸಿದರು.

“ಒಯ್ಯಿ ಬೇಟಿ. ಆದ್ರ ಇದು ಹೊಸ ಕುದುರಿ. ಇದರ ಗುಣ, ಅಸರ್ ಹ್ಯಾಂಗ ಇರ್ತದೋ ನನಗ ಗೊತ್ತಿಲ್ಲ.”

ಅಸಲಿ ಬೇರಿನ ಪುಡಿಗೆ ಕಂಬಳಿ ಸುತ್ತಿದೆ. ಬೆಳಗ್ಗೆ ಅಣ್ಣ ಮೂಸಿದ, ಕಣ್ಣು ಮುಚ್ಚಿದ, “ಹಾಂ” ಎಂದ. ಒಂದು ತಿಂಗಳೊಳಗೆ ಕೈಯ ನಡುಕ ನಿಂತಿತು. ಬೇರಿನಿಂದಲೋ, ಕುದುರೆಯಿಂದಲೋ, ದುಃಖ ತಾನಾಗಿಯೇ ಇಳಿದದ್ದರಿಂದಲೋ, ಯಾವ ಬೂದಿ ತಟ್ಟೆಯೂ ಹೇಳಲಾರದು. ಆಮೇಲೆ ಅವನು ಬಹಳ ವರ್ಷ ಬದುಕಿದ, ಬಹಳ ಗಂಟಲುಗಳನ್ನು ಕಾಪಾಡಿದ. ನಾನು ಅವನಿಗೆ ಎಷ್ಟು ಸಲ ನೀರು ಬೇಕೇ ಎಂದು ಕೇಳಿದೆನೋ ಲೆಕ್ಕವಿಲ್ಲ. ಕಡೆಯ ದಿನವೂ ಅದನ್ನೇ ಕೇಳಿದೆ. ಅಂದು ಮಾತ್ರ ಅವನಿಗೆ ನಿಜವಾಗಿ ನೀರು ಬೇಕಿತ್ತು.

ಈಗ ನನ್ನ ಕೈಯೇ ನಡುಗುತ್ತದೆ. ಅಣ್ಣನ ಮೊಮ್ಮಗಳು ಔಷಧದ ಓದು ಓದಿದ್ದಾಳೆ. ಅಶ್ವಗಂಧವನ್ನು ಈಗ ಹೇಗೆ ಪರೀಕ್ಷಿಸುತ್ತಾರೆಂದು ಮೊನ್ನೆ ಬಿಡಿಸಿ ಹೇಳಿದಳು. ಅರ್ಧ ಜನಕ್ಕೆ ಬೇರು, ಅರ್ಧ ಜನಕ್ಕೆ ಅದರಂತೆಯೇ ಕಾಣುವ ಬರೀ ಹಿಟ್ಟು. ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿಲ್ಲ, ಕುಡಿಯುವವರಿಗೂ ಗೊತ್ತಿಲ್ಲ. ಹಿಟ್ಟು ತಿಂದವರಲ್ಲಿಯೂ ಕೆಲವರಿಗೆ ಗುಣ ಕಾಣುತ್ತದಂತೆ. ಬೇರು ತಿಂದವರಿಗೆ ಅದಕ್ಕಿಂತ ಹೆಚ್ಚು ಕಂಡರೆ ಮಾತ್ರ ಬೇರಿಗೆ ಪುರಾವೆ. ಹಾಗೆ ನೋಡಿದಾಗ ಅಂಜಿಕೆ, ನಿದ್ರೆಗೇಡು ಸ್ವಲ್ಪ ತಗ್ಗಿದ್ದು ಕಂಡಿದೆ, ಆದರೆ ಪರೀಕ್ಷೆಗಳು ಸಣ್ಣವು, ಇನ್ನೂ ನೋಡಬೇಕು, ಎಲ್ಲರಿಗೂ ಆಗಿಬರುವುದಿಲ್ಲ, ಡಾಕ್ಟರರನ್ನು ಕೇಳದೆ ತಗೋಬಾರದು ಎಂದಳು. ಹಿಟ್ಟಿನ ಭಾಗವನ್ನು ನಾನು ಕಲ್ಯಾಣಿಯಲ್ಲಿ ಆಗಲೇ ಮಾಡಿ ಮುಗಿಸಿದ್ದೆ. ಬೇರಿನ ಭಾಗವನ್ನು ಆಡಿಗೆ ಕೊಟ್ಟಿದ್ದೆ.

ಅವಳು ನನ್ನ ಡಾಕ್ಟರರನ್ನು ಕೇಳಿ ಅಶ್ವಗಂಧದ ಪುಡಿಯ ಒಂದು ಸೀಸೆ ತಂದಿದ್ದಳು. ಮುಚ್ಚಳ ತೆಗೆದು ಮೂಸಿದೆ. ಏನೂ ಇಲ್ಲ.

“ಇದು ಆ ಪುಡಿ ಅಲ್ಲ” ಎಂದೆ.

ಹೇಳಿದ ಮೇಲೆ ನನಗೇ ನಗು ಬಂತು, ನಿಲ್ಲಲೇ ಇಲ್ಲ. ಯಾಕಜ್ಜಿ ಎಂದು ಅವಳು ಕೇಳಿದಳು. ನೀರು ಬೇಕಾ ಎಂಬ ಮಾತು ತುಟಿಯವರೆಗೆ ಬಂದಿತ್ತು. ಈ ಸಲ ನುಂಗಿಕೊಂಡೆ. ಬಳೆಯಿಂದ ಹಿಡಿದು ಹೊಸ ಕುದುರೆಯವರೆಗೆ ಎಲ್ಲ ಹೇಳಿದೆ. ಅವಳ ತಾತನ ಕತೆ ಹೀಗೆ ಕೆಟ್ಟಿತಲ್ಲ ಎಂದು ನೊಂದುಕೊಳ್ಳುತ್ತಾಳೆಂದು ಹೆದರಿದ್ದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು; ಕಂಪೌಂಡರನ ಸೀಸೆಯ ಮಾತು ಬಂದಾಗ ನನ್ನನ್ನು ತಡೆದು ಅದನ್ನು ಮತ್ತೊಮ್ಮೆ ಹೇಳಿಸಿದಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು:

“ಆ ಕೊಹಿನೂರಿನ ಹೆಣ್ಣುಮಗಳು? ಆಕಿಗೆ ಆಮ್ಯಾಲ ನಿದ್ದಿ ಬಂತೇನಜ್ಜಿ?”

ಗೊತ್ತಿಲ್ಲ ಎಂದೆ. ಕಲ್ಯಾಣಿಯಿಂದ ಕೊಹಿನೂರಿಗೆ ಗಾಡಿಗಳು ಹೋಗುತ್ತಿದ್ದವು. ನಾನು ಯಾರ ಕೈಲೂ ಕೇಳಿಸಲಿಲ್ಲ.